ಓಮಾ ಮತ್ತು ಲೆನಿನ್ ತಲೆ

ಕಳೆದ ಬೇಸಿಗೆ ರಜೆಯಲ್ಲಿ ಮಗಳನ್ನು ಬರ್ಲಿನ್ನಿನ ಸ್ಪಾಂಡೌ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಪಕ್ಕದ ಮನೆಯ ಅಜ್ಜಿಯೂ ಜೊತೆಗೆ ಬಂದರು. ಪೂರ್ವ ಬರ್ಲಿನ್ನಿನಲ್ಲೇ ಹುಟ್ಟಿ ಬೆಳೆದವರು. ಮಗಳಿಗೆ ಅವರು 'ಓಮಾ'. ಈಗ ನನಗೂ ಅಷ್ಟೇ.

ಕೋಟೆಯ ಮ್ಯೂಸಿಯಂನಲ್ಲಿ ಲೆನಿನ್‌ನ ದೊಡ್ಡ ಕಲ್ಲಿನ ತಲೆಯೊಂದು ನೆಲದ ಮೇಲೆ ಮಗ್ಗುಲಾಗಿ ಮಲಗಿದೆ. 1970ರಲ್ಲಿ ಪೂರ್ವ ಬರ್ಲಿನ್ನಿನ ಲೆನಿನ್ ಚೌಕದಲ್ಲಿ ನಿಲ್ಲಿಸಿದ್ದ 19 ಮೀಟರ್ ಎತ್ತರದ ಪ್ರತಿಮೆಯದು. ಗೋಡೆ ಬಿದ್ದು ಎರಡು ವರ್ಷಕ್ಕೆ, 1991ರಲ್ಲಿ, ಅದನ್ನು ತುಂಡು ಮಾಡಿ ಊರಂಚಿನ ಕಾಡಿನಲ್ಲಿ ಹೂತರು. ಚೌಕದ ಹೆಸರೂ ಬದಲಾಯಿತು. 2015ರಲ್ಲಿ ತಲೆಯನ್ನಷ್ಟೇ ಅಗೆದು ತೆಗೆದರು.

ಮಗಳು ಕಲ್ಲಿನ ಕಿವಿ ಮುಟ್ಟಿ ನಕ್ಕಳು. ಓಮಾ ಮೆಲ್ಲಗೆ, "ಅನಾವರಣದ ದಿನ ನಾನೂ ಅಲ್ಲಿದ್ದೆ. ಕಾರ್ಖಾನೆಯಿಂದ ನಮ್ಮನ್ನೆಲ್ಲ ಕಳಿಸಿದ್ದರು" ಎಂದರು.

ಅವರು ಹಳೆಯ ದಿನಗಳನ್ನು ಹೊಗಳಿದಾಗಲೆಲ್ಲ ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಗೋಡೆ ದಾಟಲು ಹೋದವರನ್ನು ಗುಂಡಿಟ್ಟು ಕೊಂದ ಸರ್ಕಾರವಲ್ಲವೇ ಅದು? ವಾಪಸು ಬರುವಾಗ ರೈಲಿನಲ್ಲಿ ಅದನ್ನು ಕೇಳಿಯೇಬಿಟ್ಟೆ.

ಓಮಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಕಡತದ ವಿಷಯ ತೆಗೆದರು. ಗುಪ್ತ ಪೊಲೀಸ್ ಸಂಸ್ಥೆ ಸ್ಟಾಸಿ ಬಿಟ್ಟುಹೋದ ಕಡತಗಳನ್ನು ಸಾಲಾಗಿ ಜೋಡಿಸಿದರೆ 111 ಕಿಲೋಮೀಟರ್ ಆಗುತ್ತದಂತೆ. 1991ರ ಕಾನೂನಿನಿಂದಾಗಿ ಯಾರು ಬೇಕಾದರೂ ತಮ್ಮ ಕಡತ ಓದಬಹುದು. ಓಮಾ ಓದಿದರು. ಭಾನುವಾರಗಳಂದು ಕಾಫಿಗೆ ಬರುತ್ತಿದ್ದ ಗೆಳತಿಯೇ ಇವರ ಮಾತುಗಳನ್ನೆಲ್ಲ ಬರೆದು ಕೊಡುತ್ತಿದ್ದಳು.

"ಆ ಸರ್ಕಾರ ನನಗೆ ಮತ್ತೆ ಬೇಡವೇ ಬೇಡ. ಆದರೆ ನಮ್ಮ 'ಪಲಾಸ್ಟ್' ಕೆಡವಿದಾಗ ಅತ್ತಿದ್ದೆ" ಎಂದರು.

1976ರಲ್ಲಿ ತೆರೆದ ಆ ಗಣರಾಜ್ಯ ಭವನದಲ್ಲಿ ಪೂರ್ವ ಜರ್ಮನಿಯ ಸಂಸತ್ತಿನ ಜೊತೆಗೆ ಹೋಟೆಲು, ನಾಟ್ಯಶಾಲೆ, ಬೌಲಿಂಗ್ ಎಲ್ಲ ಇದ್ದವು. ಓಮಾ ಗಂಡನ ಜೊತೆ ಕುಣಿದದ್ದು ಅಲ್ಲಿಯೇ. ಕಟ್ಟಡದಲ್ಲಿ ಕಲ್ನಾರು ಇದೆಯೆಂದು ಮುಚ್ಚಿದರು. ಅದನ್ನೆಲ್ಲ ತೆಗೆಸಿದ ಮೇಲೂ 2006ರಿಂದ ಕೆಡವತೊಡಗಿದರು. ಈಗ ಆ ಜಾಗದಲ್ಲಿ ಹಳೆಯ ರಾಜರ ಅರಮನೆಯ ಹೊರರೂಪವನ್ನೇ ಹೊಸದಾಗಿ ಕಟ್ಟಿದ್ದಾರೆ.

"ರಾಜರ ನೆನಪು ಬೇಕು, ನಮ್ಮದು ಬೇಡ. ನಮ್ಮನ್ನು ಒಂದು ಮಾತು ಕೇಳಲಿಲ್ಲ."

ನನ್ನ ಬಳಿ ಉತ್ತರವಿರಲಿಲ್ಲ. ಕಡತ ತೆರೆದಿಟ್ಟ ದೇಶವೇ ಭವನವನ್ನು ಕೆಡವಿತು. ಆ ಗೆಳತಿಯೂ ಆ ಕುಣಿತವೂ ಓಮಾ ಪಾಲಿಗೆ ಒಂದೇ ಬದುಕಿನವು.

"ಓಮಾ, ನಿಮ್ಮ ದೇಶ ಒಳ್ಳೇದಿತ್ತಾ, ಕೆಟ್ಟದಿತ್ತಾ?" ಮಗಳು ಕೇಳಿದಳು.

"ಭಾನುವಾರ ಮನೆಗೆ ಬಾ, ಕೂತು ಹೇಳುತ್ತೇನೆ. ಸ್ವಲ್ಪ ಹೊತ್ತು ಬೇಕು" ಎಂದರು ಓಮಾ.

ಈಗ ಮಗಳು ಪ್ರತಿ ಭಾನುವಾರ ಹೋಗುತ್ತಾಳೆ. ಕಥೆ ಇನ್ನೂ ಮುಗಿದಿಲ್ಲ.