ಮಲೆನಾಡಿನ ಶಾಲೆಯಲ್ಲಿ ಚಿತ್ರದ ತರಗತಿ

ಪ್ರೌಢಶಾಲೆಯ ವೇಳಾಪಟ್ಟಿಯಲ್ಲಿ ಚಿತ್ರಕಲೆಗೆ ದೊರೆಯುವ ಸ್ಥಾನವು ಮದುವೆಯ ಮನೆಯಲ್ಲಿ ದೂರದ ನೆಂಟನಿಗೆ ದೊರೆಯುವ ಸ್ಥಾನದಂತಹುದು. ಅವನನ್ನು ಕರೆಯದೆ ಇರುವಂತಿಲ್ಲ. ಬಂದರೆ ಕುಳ್ಳಿರಿಸಲು ಮಣೆಯಿಲ್ಲ. ಗಣಿತದ ಉಪಾಧ್ಯಾಯರಿಗೆ ಪಾಠ ಉಳಿದುಹೋದರೆ ಅವರು ಎರವಲು ಕೇಳುವುದು ಚಿತ್ರದ ಅವಧಿಯನ್ನು. ವಿಜ್ಞಾನದವರಿಗೆ ಪರೀಕ್ಷೆ ಸಮೀಪಿಸಿದರೆ ಅವರೂ ಕೇಳುವುದು ಅದನ್ನೇ. ಹೀಗೆ ಎರವಲು ಹೋದ ಅವಧಿಯು ಮರಳಿ ಬಂದುದನ್ನು ಕಂಡವರು ವಿರಳ. ಎಸ್.ಎಸ್.ಎಲ್.ಸಿ.ಯ 625 ಅಂಕಗಳಲ್ಲಿ ಚಿತ್ರಕ್ಕೆಂದು ಒಂದು ಅಂಕವೂ ಇಲ್ಲವಾದ ಮೇಲೆ, ಕೊಡುವವನಿಗೂ ಕೊಳ್ಳುವವನಿಗೂ ಇದರಲ್ಲಿ ಅನ್ಯಾಯವೇನೂ ತೋರದು. ಇಂತಹ ಸ್ಥಿತಿಯಲ್ಲಿ ಒಂದು ಊರಿನ ಪ್ರೌಢಶಾಲೆಯಲ್ಲಿ ಹೊಸದಾಗಿ ಚಿತ್ರದ ತರಗತಿಯನ್ನು ತೆರೆಯಹೊರಡುವ ಉಪಾಧ್ಯಾಯನು ಸಾಹಸಿಯೇ ಸರಿ.

ಆ ಊರು ರಿಪ್ಪನ್‌ಪೇಟೆಯೆಂದು ಇಟ್ಟುಕೊಳ್ಳೋಣ. ಹೊಸನಗರ ತಾಲ್ಲೂಕಿನ ಈ ಪೇಟೆಗೆ 1880ರಿಂದ 1884ರವರೆಗೆ ವೈಸರಾಯನಾಗಿದ್ದ ಲಾರ್ಡ್ ರಿಪ್ಪನ್ನನ ಹೆಸರು ಬಂದಿದೆಯೆಂದು ಹೇಳುವರು. ಮೈಸೂರು ಸಂಸ್ಥಾನವು 1881ರಲ್ಲಿ ಮರಳಿ ಒಡೆಯರ ಕೈಸೇರಿದುದು ಇವನ ಕಾಲದಲ್ಲಿ. 1882ರಲ್ಲಿ ಹಂಟರನ ಅಧ್ಯಕ್ಷತೆಯಲ್ಲಿ ಶಿಕ್ಷಣ ಆಯೋಗವನ್ನು ನೇಮಿಸಿದವನೂ ಇವನೇ. ಪ್ರೌಢ ವಿದ್ಯಾಭ್ಯಾಸವು ವಿಶ್ವವಿದ್ಯಾನಿಲಯದ ಪ್ರವೇಶಕ್ಕೆ ಮಾತ್ರ ದಾರಿಯಾಗಿರಬಾರದು, ಕೈಕೆಲಸಕ್ಕೂ ಲೋಕವ್ಯವಹಾರಕ್ಕೂ ಒಯ್ಯುವ ಮತ್ತೊಂದು ದಾರಿಯೂ ಇರಬೇಕು ಎಂದು ಆ ಆಯೋಗವು ಸೂಚಿಸಿತು. ಸೂಚನೆಯು ಕಾಗದದ ಮೇಲೆ ಉಳಿಯಿತು; ವೈಸರಾಯನ ಹೆಸರು ಊರಿನ ಮೇಲೆ ಉಳಿಯಿತು. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಹತ್ತನೆಯ ತರಗತಿಯವರೆಗೂ ಕಲೆಯನ್ನು ಕಲಿಸತಕ್ಕದ್ದೆಂದು ಹೇಳಿದಾಗ ಆ ಹಳೆಯ ಮಾತಿಗೆ ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ತುಂಬಿತ್ತು.

ಮೊದಲ ದಿನ ಉಪಾಧ್ಯಾಯನು ಮಕ್ಕಳಿಗೆ ಒಂದೊಂದು ಹಾಳೆಯನ್ನು ಕೊಟ್ಟು, ಮನಸ್ಸಿಗೆ ಬಂದುದನ್ನು ಬರೆಯಿರಿ ಎನ್ನುವನು. ಮುಕ್ಕಾಲು ಗಂಟೆಯ ತರುವಾಯ ಅವನ ಮೇಜಿನ ಮೇಲೆ ಬೀಳುವ ನಲ್ವತ್ತು ಹಾಳೆಗಳಲ್ಲಿ ಮೂವತ್ತೈದು ಒಂದೇ ಚಿತ್ರವಾಗಿರುವುದು: ತ್ರಿಕೋಣಾಕಾರದ ಎರಡು ಬೆಟ್ಟ, ಅವುಗಳ ನಡುವೆ ಅರ್ಧ ಮೂಡಿದ ಸೂರ್ಯ, ಬೆಟ್ಟದ ಬುಡದಿಂದ ಹರಿದು ಬರುವ ಹೊಳೆ, ದಡದಲ್ಲಿ ಒಂದು ಗುಡಿಸಲು, ಅದರ ಪಕ್ಕದಲ್ಲಿ ಬಾಗಿದ ಒಂದು ತೆಂಗಿನ ಮರ. ಇದನ್ನು ಬರೆದ ಹುಡುಗನು ಬೆಳೆದುದು ಅಡಕೆಯ ತೋಟದ ಮಗ್ಗುಲಲ್ಲಿ. ಅವನು ದಿನವೂ ಕಾಣುವ ಗುಡ್ಡಗಳಿಗೆ ಶಿಖರವೇ ಇಲ್ಲ. ಅವು ಒಂದರ ಹಿಂದೊಂದು ಮಲಗಿದ ದನಗಳಂತೆ ದುಂಡಗಾಗಿ ಮೈಚಾಚಿಕೊಂಡಿವೆ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಅವನು ಸೂರ್ಯನನ್ನು ಕಾಣುವ ದಿನಗಳನ್ನು ಬೆರಳಿನಲ್ಲಿ ಎಣಿಸಬಹುದು. ಆದರೂ ಕಾಗದ ಕಂಡೊಡನೆ ಅವನ ಕೈ ಆ ತ್ರಿಕೋಣಗಳನ್ನೇ ಎಳೆಯುವುದು. ಆ ಚಿತ್ರವನ್ನು ಅವನು ಕಣ್ಣಿನಿಂದ ಕಂಡು ಬರೆದುದಲ್ಲ; ಅಕ್ಷರದಂತೆ ಬಾಯಿಪಾಠ ಮಾಡಿಕೊಂಡುದು.

ಚಿತ್ರದ ತರಗತಿಯ ನಿಜವಾದ ಕೆಲಸವು ಇಲ್ಲಿ ತೊಡಗುತ್ತದೆ. ಬಾಯಿಪಾಠವಾದುದನ್ನು ಮರೆಯಿಸಿ ಕಣ್ಣೆದುರಿಗೆ ಇರುವುದನ್ನು ಕಾಣಿಸುವುದು ಸುಲಭವಲ್ಲ. ಅದಕ್ಕೆ ದೊಡ್ಡ ಸಾಮಗ್ರಿಯೂ ಬೇಡ. ಶಾಲೆ ತೆರೆಯುವುದು ಮಳೆಯೊಂದಿಗೆ. ಆ ತಿಂಗಳುಗಳಲ್ಲಿ ಕಾಗದವೆಲ್ಲ ತೇವವಾಗಿ ಹಪ್ಪಳದಂತೆ ಸುರುಟಿಕೊಳ್ಳುವುದು. ಜಲವರ್ಣವನ್ನು ಬೆಳಿಗ್ಗೆ ಬಳಿದರೆ ಸಂಜೆಯವರೆಗೂ ಒಣಗದು. ಆದುದರಿಂದ ಬಣ್ಣದ ಪೆಟ್ಟಿಗೆಯು ದೀಪಾವಳಿಯವರೆಗೆ ಕಾಯಬಹುದು. ಅಲ್ಲಿಯವರೆಗೆ ಸೀಸದ ಕಡ್ಡಿ ಸಾಕು. ಅದೂ ಇಲ್ಲದಿದ್ದರೆ ಬಚ್ಚಲೊಲೆಯ ಇದ್ದಲು ಸಾಕು. ಮೇಜಿನ ಮೇಲೆ ಒಂದು ಅಡಕೆಯ ಹಾಳೆಯನ್ನಿಡಬಹುದು. ಅದರ ಬಾಗು ಒಂದು ಕಡೆಯಿಂದ ನೋಡಿದಂತೆ ಮತ್ತೊಂದು ಕಡೆಯಿಂದ ಇರದು. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಗೊರಬು ಉಳಿದಿದ್ದರೆ ಅದನ್ನು ತರಿಸಬಹುದು. ಬಾಗಿಲಿನಲ್ಲಿ ನೀರಿಳಿಯುತ್ತ ಒರಗಿ ನಿಂತಿರುವ ಕೊಡೆಗಳನ್ನೇ ಬರೆಯಿಸಬಹುದು. ಕೊಡೆಯನ್ನು ಸಾವಿರ ಸಲ ಹಿಡಿದ ಹುಡುಗನಿಗೆ ಅದರ ಕಡ್ಡಿಗಳೆಷ್ಟು ಎಂಬುದು ತಿಳಿಯದೆಂದು ಅವನಿಗೇ ಗೊತ್ತಾಗುವುದು ಅಂದು.

ಒಂದು ಎಲೆಯೂ ಸಾಕೆಂಬುದಕ್ಕೆ ನಿದರ್ಶನವುಂಟು. 1921ರಲ್ಲಿ ಮೈಸೂರಿನಲ್ಲಿ ಜನಿಸಿದ ಆರ್.ಕೆ. ಲಕ್ಷ್ಮಣರು ಶಾಲೆಯಲ್ಲಿ ಅರಳಿಯ ಎಲೆಯೊಂದನ್ನು ಬರೆದುದನ್ನೂ, ಅದನ್ನು ನೋಡಿದ ಉಪಾಧ್ಯಾಯರು ಮೆಚ್ಚಿ ನುಡಿದುದನ್ನೂ, ತಾವು ಚಿತ್ರಕಾರರಾಗಬೇಕೆಂಬ ನಂಬಿಕೆ ಅಂದು ತಮ್ಮಲ್ಲಿ ಮೊಳೆತುದನ್ನೂ ಮುಂದೆ ಹೇಳಿಕೊಂಡಿದ್ದಾರೆ. ಮುಂಬಯಿಯ ಜೆ.ಜೆ. ಕಲಾಶಾಲೆಯು ಅವರಿಗೆ ಪ್ರವೇಶವನ್ನು ನಿರಾಕರಿಸಿತು. ಆದರೂ ಆ ನಂಬಿಕೆ ಕೆಡಲಿಲ್ಲ. ಅವರ ಅಣ್ಣ ನಾರಾಯಣರ ಮಾಲ್ಗುಡಿಯ ಕಥೆಗಳನ್ನು 1980ರ ದಶಕದಲ್ಲಿ ಶಂಕರನಾಗರು ದೂರದರ್ಶನಕ್ಕೆ ತಂದಾಗ ಅದರ ರೇಖಾಚಿತ್ರಗಳು ಲಕ್ಷ್ಮಣರವು; ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಾಣಿಸಿದುದು ರಿಪ್ಪನ್‌ಪೇಟೆಗೆ ಸಮೀಪದ ಅರಸಾಳು. ದೊಡ್ಡ ಕಲಾಶಾಲೆಯ ತೀರ್ಪಿಗಿಂತ ಊರ ಶಾಲೆಯ ಮೇಷ್ಟರ ಒಂದು ಒಳ್ಳೆಯ ಮಾತು ಹೆಚ್ಚು ದೂರ ನಡೆದುಬಂದಿತು. ಅಂತಹ ಮಾತನ್ನು ಆಡಬಲ್ಲ ಉಪಾಧ್ಯಾಯನ ಹೊಣೆಯು ಎಷ್ಟು ದೊಡ್ಡದೆಂಬುದು ಇದರಿಂದಲೇ ತಿಳಿಯುವುದು. ಆಡದೆ ಬಿಟ್ಟವನ ಹೊಣೆಯೂ ಅಷ್ಟೇ ದೊಡ್ಡದು.

ಈ ಹೊಣೆಯು ಮಲೆನಾಡಿನಲ್ಲಿ ಮತ್ತೊಂದು ಕಾರಣದಿಂದ ಇಮ್ಮಡಿಯಾಗಿದೆ. ಮೂವತ್ತೈದು ಹಾಳೆಗಳು ಒಂದೇ ತೆರನಾಗಿದ್ದುವಷ್ಟೆ. ಉಳಿದ ಐದರಲ್ಲಿ ಒಂದು ಬೇರೊಂದು ಬಗೆಯದಾಗಿರಬಹುದು. ಅದರಲ್ಲಿ ಬೆಟ್ಟವೂ ಇಲ್ಲ, ಹೊಳೆಯೂ ಇಲ್ಲ. ಚೌಕದೊಳಗೆ ಚೌಕ, ಅದರ ಅಂಚಿಗೆ ಒತ್ತೊತ್ತಾಗಿ ಎಳೆದ ಓರೆಗೆರೆಗಳು, ನಡುವೆ ಬಾಸಿಂಗದ ಆಕಾರ, ಕಡ್ಡಿಗಳಂತೆ ನಿಂತ ಮನುಷ್ಯರು. ನೋಡಿದೊಡನೆ, ಇವಳಿಗೆ ಚಿತ್ರ ಬಾರದೆಂದು ಹೊಸ ಉಪಾಧ್ಯಾಯನು ತೀರ್ಮಾನಿಸಿದರೆ ಆಶ್ಚರ್ಯವಿಲ್ಲ. ದೂರದ ವಸ್ತು ಚಿಕ್ಕದಾಗಿ ಕಾಣಬೇಕು, ನೆರಳು ಒಂದು ಕಡೆಗೆ ಬೀಳಬೇಕು ಎಂಬ ಪಾಠವನ್ನು ಕಲಿತು ಬಂದವನು ಅವನು. ಆ ಬಾಲಕಿಯಾದರೋ ತನ್ನ ಅಜ್ಜಿಯ ಗೋಡೆಯನ್ನು ಹಾಳೆಗೆ ಇಳಿಸಿದ್ದಾಳೆ.

ಸಾಗರ, ಹೊಸನಗರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ಹೆಂಗಸರು ಬರೆಯುವ ಹಸೆಗೋಡೆಯ ಚಿತ್ತಾರವನ್ನು ವಾಚಕರಲ್ಲಿ ಅನೇಕರು ಕಂಡಿರುವರು. ಮದುವೆಯಲ್ಲಿ ವಧೂವರರು ಹಸೆಯ ಮೇಲೆ ಕುಳಿತುಕೊಳ್ಳುವುದು ಈ ಗೋಡೆಯ ಮುಂದೆ. ಕೆಮ್ಮಣ್ಣನ್ನು ಬಳಿದ ನೆಲೆಯ ಮೇಲೆ, ನೆನೆಸಿ ಅರೆದ ಅಕ್ಕಿಯ ಬಿಳುಪು. ಹುರಿದು ಕಪ್ಪಾಗಿಸಿದ ಅಕ್ಕಿಯಿಂದ ಕಪ್ಪು. ಗುರಿಗೆ ಕಾಯಿಯಿಂದ ಹಳದಿ. ಪುಂಡಿಯ ನಾರೇ ಕುಂಚ. ಆಶ್ವಯುಜದ ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಕೈ ಓಡುವುದು. ಬಸುರಿಯಾದ ಹೊಲಕ್ಕೆ ಬಯಕೆಯೂಟವನ್ನು ಬರಿಯ ಬುಟ್ಟಿಯಲ್ಲಿ ಹೊತ್ತೊಯ್ಯಬಹುದೇ? ಅಂಗಡಿಯಿಂದ ಕೊಳ್ಳಬೇಕಾದುದು ಇದರಲ್ಲಿ ಏನೂ ಇಲ್ಲ. ಸಮಾಂತರ ರೇಖೆ, ತ್ರಿಕೋಣ, ಎಡಬಲಗಳ ಸಮತೂಕ, ಇವೆಲ್ಲವೂ ಪುಸ್ತಕವಿಲ್ಲದೆ ತಾಯಿಯಿಂದ ಮಗಳಿಗೆ ಬಂದಿವೆ. ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನೂ ಹುಂಚದ 1077ರ ಪಂಚಕೂಟ ಬಸದಿಯನ್ನೂ ಪ್ರವಾಸಿಗಳು ನೋಡಿ ಹೊಗಳುವರು. ಗೋಡೆಯ ಮೇಲಿನ ಈ ಕಲೆಗೆ ಕಲ್ಲಿನ ಆಯುಸ್ಸಿಲ್ಲ, ಗಂಧದ ಬೆಲೆಯಿಲ್ಲ. ಇದು ಬದುಕಿರುವುದು ಮತ್ತೆ ಮತ್ತೆ ಬರೆಯುವ ಕೈಯಲ್ಲಿ ಮಾತ್ರ.

ಆ ಕೈಗೆ ಈಗ ಗೋಡೆ ತಪ್ಪುತ್ತಿದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ಮುಳುಗಿದುವು; ಮನೆಗಳೊಂದಿಗೆ ಅವುಗಳ ಗೋಡೆಗಳೂ ಮುಳುಗಿದುವು. ನೀರು ತಲುಪದ ಊರುಗಳಲ್ಲಿ ಮಣ್ಣಿನ ಗೋಡೆಯ ಸ್ಥಳಕ್ಕೆ ಸಿಮೆಂಟು ಬಂದಿತು, ಸಿಮೆಂಟಿನ ಮೇಲೆ ಡಬ್ಬಿಯ ಬಣ್ಣ ಬಂದಿತು. ಇದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಮಳೆಗೆ ಕುಸಿಯದ ಗೋಡೆಯನ್ನು ಬಯಸುವುದು ತಪ್ಪಲ್ಲ. ಮಗಳು ಗೋಡೆ ಸಾರಿಸುವುದಕ್ಕಿಂತ ಕಾಲೇಜಿಗೆ ಹೋಗಲೆಂದು ತಾಯಿ ಬಯಸುವುದೂ ತಪ್ಪಲ್ಲ. ಆದರೆ ಶಾಲೆಗೆ ಬಂದ ಮಗಳ ಹಾಳೆಯ ಮೇಲೆ ಕೆಂಪು ಶಾಯಿಯಿಂದ ತಪ್ಪೆಂದು ಗೀಚಿದರೆ, ನೀರೂ ಸಿಮೆಂಟೂ ಉಳಿಸಿದ್ದಷ್ಟನ್ನು ಶಾಲೆಯು ಅಳಿಸಿದಂತಾಗುವುದು. ಹುಡುಗಿಯು ಮರುದಿನದಿಂದ ಎರಡು ಬೆಟ್ಟ, ಒಂದು ಸೂರ್ಯನನ್ನು ಬರೆಯಲು ಕಲಿಯುವಳು.

ಹಾಗಾದರೆ ಚಿತ್ತಾರವನ್ನೇ ಪಾಠವಾಗಿ ಮಾಡಿಬಿಡಬಹುದಲ್ಲ ಎಂದು ಕೇಳುವವರುಂಟು. ಇಲ್ಲಿಯೂ ವಿವೇಕ ಬೇಕು. ಮದುವೆಯ ಹಾಡು, ಹಸೆ, ಮನೆಯ ಹಿರಿಯಳ ಕೈ ಇವುಗಳಿಂದ ಬಿಡಿಸಿ ತಂದ ಚಿತ್ತಾರವು ಅಂಚಿನ ನಮೂನೆಯಾಗಿ, ಶುಭಾಶಯಪತ್ರದ ಅಲಂಕಾರವಾಗಿ ತೆಳುವಾಗುವ ಅಪಾಯವಿದೆ. ಅಲ್ಲದೆ ಒಂದು ಜನದ ಮನೆಯ ಸೊತ್ತನ್ನು ಅವರ ಹೆಸರು ಹೇಳದೆ ಊರಿನದೆಂದು ಹಂಚಿಬಿಡುವುದು ನ್ಯಾಯವೂ ಅಲ್ಲ. ಇದಕ್ಕೆ ನೇರವಾದ ದಾರಿಯೊಂದೇ: ಆ ಅಜ್ಜಿಯನ್ನೇ ಶಾಲೆಗೆ ಕರೆಯುವುದು. ಆಕೆಗೆ ಒಂದು ಗೋಡೆಯನ್ನೂ ಎರಡು ದಿನಗಳನ್ನೂ ಬಿಟ್ಟುಕೊಟ್ಟು, ಹೊರಗಿನಿಂದ ಬರುವ ಯಾವ ಕಲಾವಿದನಿಗಾದರೂ ಸಲ್ಲಿಸುವ ಗೌರವಧನವನ್ನು ಆಕೆಗೂ ಸಲ್ಲಿಸಿ, ಉಪಾಧ್ಯಾಯನು ಮಕ್ಕಳೊಂದಿಗೆ ಕೆಳಗೆ ಕುಳಿತು ನಾರನ್ನು ಜಜ್ಜಿ ಕುಂಚ ಮಾಡುವುದನ್ನು ಕಲಿಯುವುದು. ದೂರದ್ದು ಚಿಕ್ಕದಾಗಿ ಕಾಣುವ ಬಗೆ ಒಂದು, ಮನೆಯ ಶುಭವನ್ನು ಗೆರೆಯಾಗಿ ಕಾಣುವ ಬಗೆ ಮತ್ತೊಂದು. ಎರಡೂ ಕಲಿಯತಕ್ಕ ವಿದ್ಯೆಗಳೆಂದು ಮಕ್ಕಳಿಗೆ ಆ ಎರಡು ದಿನಗಳಲ್ಲಿ ತಿಳಿಯುವಷ್ಟು ಎರಡು ವರ್ಷದ ಉಪನ್ಯಾಸದಲ್ಲಿ ತಿಳಿಯದು.

ಉಳಿದುದು ತಂದೆತಾಯಿಗಳ ಪ್ರಶ್ನೆ. "ಇದರಿಂದ ಹೊಟ್ಟೆ ತುಂಬುತ್ತದೆಯೇ, ಮೇಷ್ಟ್ರೇ?" ಎಂದು ಅವರು ಕೇಳುವರು, ಕೇಳುವ ಹಕ್ಕು ಅವರಿಗುಂಟು. ಇದಕ್ಕೆ ಸುಳ್ಳು ಭರವಸೆಯನ್ನು ಕೊಡಬಾರದು. ಲೋಯರ್, ಹೈಯರ್ ಎಂಬ ಚಿತ್ರಕಲಾ ಪರೀಕ್ಷೆಗಳಿವೆ; ಮೈಸೂರಿನಲ್ಲಿ ಚಾಮರಾಜೇಂದ್ರರ ಹೆಸರಿನ ಕಲಾಶಾಲೆಯಿದೆ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿದೆ. ಆ ದಾರಿ ಹಿಡಿಯುವವನು ನಲ್ವತ್ತರಲ್ಲಿ ಒಬ್ಬನಿದ್ದರೆ ಹೆಚ್ಚು. ಮಿಕ್ಕ ಮೂವತ್ತೊಂಬತ್ತು ಮಂದಿ ತೋಟ ನೋಡಿಕೊಳ್ಳುವರು, ಅಂಗಡಿ ಇಡುವರು, ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳುವರು. ಆದರೆ ಕೊಳೆರೋಗ ತಗುಲಿದ ಅಡಕೆಯ ಗೊನೆಯನ್ನು ನೆರೆಯವನಿಗಿಂತ ಎರಡು ದಿನ ಮೊದಲು ಗುರುತಿಸುವುದು ಕಣ್ಣಿನ ಕೆಲಸ. ಮನೆ ಕಟ್ಟುವಾಗ ಬೆಳಕು ಯಾವ ಕಡೆಯಿಂದ ಬರಬೇಕೆಂದು ಕಾಣುವುದೂ ಕಣ್ಣಿನ ಕೆಲಸ. ಕಂಡುದನ್ನು ಕಂಡಂತೆ ಹೇಳಬಲ್ಲವನು ಯಾವ ಕಸುಬಿನಲ್ಲಿಯೂ ಹೊರೆಯಾಗನು.

ಆದುದರಿಂದ ತರಗತಿಯನ್ನು ತೆರೆಯುವವನು ದೊಡ್ಡ ಏರ್ಪಾಟಿಗಾಗಿ ಕಾಯಬೇಕಾಗಿಲ್ಲ. ಬಾಗಿಲು ಭದ್ರವಾದ ಒಂದು ಬೀರು, ಮಳೆ ಹೊಡೆಯದ ಒಂದು ಕೋಣೆ, ಇದ್ದಲು, ಕೆಮ್ಮಣ್ಣು, ಒಂದು ಕಟ್ಟು ಕಾಗದ ಇಷ್ಟಿದ್ದರೆ ಮೊದಲ ವರ್ಷ ಕಳೆಯುವುದು. ಮುಖ್ಯೋಪಾಧ್ಯಾಯರಿಂದ ಅವನು ಬೇಡಿ ಪಡೆಯಬೇಕಾದುದು ಒಂದೇ: ವಾರದ ಆ ಒಂದು ಅವಧಿಯನ್ನು ಯಾರಿಗೂ ಎರವಲು ಕೊಡತಕ್ಕದ್ದಲ್ಲವೆಂಬ ಮಾತು. ಆ ಮಾತು ನಡೆದರೆ, ವರ್ಷದ ಕೊನೆಯಲ್ಲಿ ನಲ್ವತ್ತು ಹಾಳೆಗಳು ಮತ್ತೆ ಮೇಜಿನ ಮೇಲೆ ಬಿದ್ದಾಗ, ದುಂಡು ಗುಡ್ಡಗಳು ಕೆಲವಾದರೂ ಅವುಗಳಲ್ಲಿ ಇದ್ದೇ ಇರುವುವು.