ತೆಂಗಿನ ಸೀಮೆಯ ಸಂತೆಯೂ ಜಪಾನ್ ದೇಶದ ಅಂಗಡಿಯೂ

ತುಮಕೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ರೈಲುಗಾಡಿಯಲ್ಲಿ ಕುಳಿತು, ಗುಬ್ಬಿ ನಿಟ್ಟೂರುಗಳನ್ನು ದಾಟಿದ ಮೇಲೆ ಹೊರಗೆ ದೃಷ್ಟಿಯಿಟ್ಟರೆ, ಎರಡು ಪಾರ್ಶ್ವಗಳಲ್ಲಿಯೂ ತೆಂಗಿನ ಮರಗಳು ಕಾಣತೊಡಗುತ್ತವೆ. ತೋಟದ ಹಿಂದೆ ತೋಟ. ನಡುನಡುವೆ ರಾಗಿಯ ಹೊಲ, ಕೆರೆಯ ಏರಿ, ಹೆಂಚಿನ ಮನೆ. ತುಮಕೂರು ಜಿಲ್ಲೆಗೆ ಕಲ್ಪತರು ನಾಡೆಂಬ ಹೆಸರು ಅನ್ವರ್ಥವಾದದ್ದು ಈ ಸೀಮೆಯಿಂದ ಎಂದರೆ ಅತಿಶಯೋಕ್ತಿಯಾಗಲಾರದು. ಇಲ್ಲಿ ಮೂರು ಪಟ್ಟಣಗಳು ಮುಖ್ಯವಾದವು. ತಿಪಟೂರು ಕೊಬ್ಬರಿಯ ಪೇಟೆಯಿಂದ ಪ್ರಸಿದ್ಧವಾಗಿದೆ. ತುರುವೇಕೆರೆಯು ಹೊಯ್ಸಳರ ಕಾಲದ ದೇವಾಲಯಗಳಿಂದಲೂ ಗಂಗಾಧರೇಶ್ವರನ ಗುಡಿಯ ನುಣುಪಾದ ಕರಿಕಲ್ಲಿನ ಬಸವಣ್ಣನಿಂದಲೂ ಹೆಸರಾಗಿದೆ. ಚಿಕ್ಕನಾಯಕನಹಳ್ಳಿಯ ಹೆಸರೆತ್ತಿದರೆ ಹಿರಿಯರಿಗೆ ಉಣ್ಣೆಯ ಕಂಬಳಿಯ ನೆನಪಾಗುತ್ತದೆ. ಬಹುಕಾಲ ಈ ಸೀಮೆಯ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತನಾದ ನಾನು ಈ ಸಲ ವಾಚಕರನ್ನು ಗುಡಿಗಳಿಗೆ ಕರೆದೊಯ್ಯದೆ, ಅಂಗಡಿ ಬೀದಿಗೆ ಕರೆದೊಯ್ಯಬೇಕೆಂದಿದ್ದೇನೆ. ಅಲ್ಲಿಂದ ಬಹು ದೂರದ ಜಪಾನ್ ದೇಶಕ್ಕೂ ಒಮ್ಮೆ ಹೋಗಿಬರಬೇಕಾಗುತ್ತದೆ.

ಇಲ್ಲಿಯ ಕೊಬ್ಬರಿ ಅವಸರದ ಪದಾರ್ಥವಲ್ಲ. ಬಲಿತ ಕಾಯಿಗಳನ್ನು ಸಿಪ್ಪೆ ಸಹಿತವಾಗಿ ಅಟ್ಟಕ್ಕೆ ಏರಿಸಿ ಹಲವು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಗಡಗಡನೆ ಸದ್ದಾಗಬೇಕು. ಆಮೇಲೆ ಸುಲಿದು, ಚಿಪ್ಪನ್ನು ಒಡೆದು ಉಂಡೆ ಕೊಬ್ಬರಿಯನ್ನು ತೆಗೆಯುತ್ತಾರೆ. ಅದು ತಿಪಟೂರಿನ ಪೇಟೆಯಲ್ಲಿ ಹರಾಜಾಗಿ ಉತ್ತರ ಹಿಂದೂಸ್ಥಾನದ ಹಬ್ಬಗಳಿಗೂ ಮದುವೆಗಳಿಗೂ ಹೋಗುತ್ತದೆ. ಉಂಡೆ ಬಿರಿದಿದ್ದರೆ ಬೆಲೆ ಕಡಮೆ. ಹೀಗೆ ಬೆಳೆಗಾರನ ಹಣವು ಅಟ್ಟದ ಮೇಲೆ ತಿಂಗಳುಗಟ್ಟಲೆ ಕುಳಿತಿರುವುದರಿಂದ, ಮನೆಯ ಉಪ್ಪು ಬೆಲ್ಲಗಳ ಖರ್ಚು ಊರಿನ ಚಿಲ್ಲರೆ ಅಂಗಡಿಯವನ ಸಾಲದ ಪುಸ್ತಕದ ಮೇಲೆ ನಡೆಯುತ್ತಿತ್ತು. ಕೊಬ್ಬರಿ ಮಾರಿದ ದಿನ ಲೆಕ್ಕ ತೀರುವುದು; ಮರುದಿನ ಹೊಸ ಪುಟ ಆರಂಭವಾಗುವುದು. ವಾರಕ್ಕೊಮ್ಮೆ ಸಂತೆ: ಸೊಪ್ಪು, ಮೆಣಸಿನಕಾಯಿ, ಕಡಲೆಪುರಿ, ಬಳೆ, ಹಗ್ಗ, ಕುಡುಗೋಲು. ಅಂಗಡಿಯೂ ಸಂತೆಯೂ ಕೂಡಿ ಒಂದು ಸಂಸಾರವನ್ನು ಸಾಗಿಸುತ್ತಿದ್ದವು.

ಸಂಸ್ಕೃತದಲ್ಲಿ ಅಂಗಡಿಗೆ ಆಪಣವೆಂದೂ ಪೇಟೆಗೆ ವಿಪಣಿಯೆಂದೂ ಹೆಸರು. ಇವುಗಳಿಗೆ ಮೂಲವಾದ ‘ಪಣ್’ ಎಂಬ ಧಾತುವಿಗೆ ವೈಯಾಕರಣರು ವ್ಯವಹಾರವೆಂದೂ ಸ್ತುತಿಯೆಂದೂ ಎರಡು ಅರ್ಥಗಳನ್ನು ಹೇಳಿದ್ದಾರೆ. ವರ್ತಕನು ತನ್ನ ಸರಕನ್ನು ತಾನೇ ಹೊಗಳುವುದನ್ನು ಕಂಡವರಿಗೆ ಈ ಎರಡರ್ಥಗಳ ನೆಂಟತನ ಸುಲಭವಾಗಿ ತಿಳಿಯುತ್ತದೆ! ಹೊಗಳಿಕೆಗೆ ಮಿತಿಯಿರಬೇಕೆಂದೇ ಕೌಟಿಲ್ಯನು ವರ್ತಕನ ಲಾಭವನ್ನು ಸ್ವದೇಶದ ಪದಾರ್ಥಗಳಿಗೆ ನೂರಕ್ಕೆ 5, ಪರದೇಶದವುಗಳಿಗೆ ನೂರಕ್ಕೆ 10 ಎಂದು ಕಟ್ಟುಮಾಡಿದನು. ಆದರೂ ನಮ್ಮಲ್ಲಿ ಚೌಕಾಸಿ ನಿಲ್ಲಲಿಲ್ಲ. ದನಗಳ ಜಾತ್ರೆಯಲ್ಲಿ ಈಗಲೂ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾಡುವವರುಂಟು.

ಜಪಾನೀಯರ ಅಂಗಡಿಯ ವಿಚಾರ ನನ್ನ ಮನಸ್ಸಿಗೆ ಬಂದದ್ದು ಬೆಂಗಳೂರಿನಲ್ಲಿ. 2016ರಲ್ಲಿ ಆ ನಗರದಲ್ಲಿ ‘ಮುಜಿ’ ಎಂಬ ಜಪಾನೀ ಮಳಿಗೆಯೊಂದು ತೆರೆಯಿತು. ಅಲ್ಲಿ ಉದ್ಯೋಗದಲ್ಲಿರುವ ನನ್ನ ಮಗಳು ಒಮ್ಮೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಬಿಳಿಯ ಬಟ್ಟೆ, ಕಂದು ಬಣ್ಣದ ಕಾಗದ, ಮರದ ಪೆಟ್ಟಿಗೆ. ಯಾವುದರ ಮೇಲೂ ದೊಡ್ಡ ಅಕ್ಷರದ ಹೆಸರಿಲ್ಲ, ಕೂಗಿ ಕರೆಯುವವರಿಲ್ಲ. ಆ ಹೆಸರಿನ ಪೂರ್ಣರೂಪ ‘ಮುಜಿರುಶಿ ರ್ಯೋಹಿನ್’. ಅಂದರೆ ಲಾಂಛನವಿಲ್ಲದ ಒಳ್ಳೆಯ ವಸ್ತು. 1980ರಲ್ಲಿ ಸೆಯ್ಯು ಎಂಬ ದೊಡ್ಡ ಅಂಗಡಿ 40 ಪದಾರ್ಥಗಳೊಡನೆ ಇದನ್ನು ಆರಂಭಿಸಿತು. ಅವುಗಳಲ್ಲಿ ಒಂದು, ಒಣಗಿಸಿದ ಅಣಬೆಯ ಮುರಿದ ಚೂರುಗಳು. ರುಚಿ ಒಂದೇ, ಮುರಿದದ್ದರಿಂದ ಬೆಲೆ ಕಡಮೆ ಎಂದು ಕಾರಣವನ್ನೂ ತಿಳಿಸಿ ಮಾರಿದರು. ಬಿರಿದ ಕೊಬ್ಬರಿಯನ್ನು ಬೇರೆ ರಾಶಿಗೆ ಎಸೆಯುವುದನ್ನು ಕಂಡ ನನಗೆ ಈ ಸಂಗತಿ ವಿಶೇಷವಾಗಿ ಮನಸ್ಸಿಗೆ ಹಿಡಿಸಿತು. ದೋಷವನ್ನು ಮುಚ್ಚದೆ ಹೇಳಿಯೂ ವ್ಯಾಪಾರ ಮಾಡಬಹುದಲ್ಲವೆ?

ಈ ಮಾರ್ಗಕ್ಕೆ ಜಪಾನಿನಲ್ಲಿ ಮುನ್ನೂರೈವತ್ತು ವರ್ಷಗಳ ಚರಿತ್ರೆಯುಂಟು. ಪೂರ್ವದಲ್ಲಿ ಅಲ್ಲಿಯ ಬಟ್ಟೆಯ ವರ್ತಕರು ಪ್ರಭುಗಳ ಮನೆಗೆ ಸರಕನ್ನು ಹೊತ್ತು ಹೋಗಿ, ಮುಖ ನೋಡಿ ಬೆಲೆ ಹೇಳಿ, ಸಾಲಕ್ಕೆ ಕೊಟ್ಟು ಬರುತ್ತಿದ್ದರು. 1673ರಲ್ಲಿ ಮಿತ್ಸುಯಿ ತಕತೋಶಿ ಎಂಬವನು ಇಂದು ಟೋಕಿಯೋ ಎನಿಸಿರುವ ಎದೋ ನಗರದಲ್ಲಿ ‘ಎಚಿಗೋಯ’ ಎಂಬ ಅಂಗಡಿಯನ್ನು ತೆರೆದನು. ಕೈಯಲ್ಲಿ ಹಣ, ಎಲ್ಲರಿಗೂ ಒಂದೇ ಬೆಲೆ, ಸುಳ್ಳು ಬೆಲೆ ಹೇಳುವುದಿಲ್ಲ: ಇದು ಅವನ ನಿಯಮ. ಇಡೀ ಥಾನು ಕೊಳ್ಳಲಾರದ ಬಡವನಿಗೆ ಬೇಕಾದಷ್ಟೇ ಉದ್ದ ಕತ್ತರಿಸಿ ಕೊಡುವ ಪದ್ಧತಿಯನ್ನೂ ನಡಸಿದನು. ಈ ಅಂಗಡಿಯ ಸಂತತಿಯೇ 1904ರಲ್ಲಿ ‘ಮಿತ್ಸುಕೋಶಿ’ ಎಂಬ ಹೆಸರಿನಿಂದ ಸಕಲ ಪದಾರ್ಥಗಳ ಮಹಾಮಳಿಗೆಯಾಯಿತು.

ಇನ್ನೊಂದು ಮನೆತನದ ಮಾತು ಇದಕ್ಕಿಂತಲೂ ಸ್ವಾರಸ್ಯವಾದದ್ದು. ಯೊಕ್ಕೈಚಿ ಎಂಬ ಊರಿನಲ್ಲಿ 1758ರಿಂದ ವ್ಯಾಪಾರ ಮಾಡಿಕೊಂಡು ಬಂದ ಓಕಾದ ವಂಶದವರಿಗೆ ಹಿರಿಯರು ಬಿಟ್ಟುಹೋದ ಉಪದೇಶವೇನೆಂದರೆ, ಮನೆಯ ನಡುಗಂಬಕ್ಕೆ ಚಕ್ರ ಕಟ್ಟು ಎಂಬುದು. ಆ ಕಂಬಕ್ಕೆ ಅಲ್ಲಿ ‘ದೈಕೊಕು’ ಕಂಬವೆಂದು ಹೆಸರು. ದೈಕೊಕು ಎಂದರೆ ನಮ್ಮ ಮಹಾಕಾಲನೇ. ಸಮುದ್ರವನ್ನು ದಾಟಿ ಹೋಗಿ ಅಲ್ಲಿ ಧನಧಾನ್ಯಗಳ ದೇವತೆಯಾಗಿದ್ದಾನೆ. ಜನ ಎತ್ತ ಹೋದರೆ ಅಂಗಡಿಯೂ ಅತ್ತ ಹೋಗಬೇಕು. ಕಂಬ ನಿಂತಲ್ಲೇ ನಿಂತರೆ ಮನೆ ಬಿದ್ದಂತೆ ಎಂಬುದು ತಾತ್ಪರ್ಯ. ಈ ವಂಶದ ಅಂಗಡಿ 1969ರಲ್ಲಿ ಬೇರೆ ವರ್ತಕರೊಡನೆ ಕೂಡಿ ‘ಜಸ್ಕೊ’ ಆಗಿ, ಈಗ ‘ಏಯಾನ್’ ಎಂಬ ಹೆಸರಿನಿಂದ ಏಷ್ಯಾ ಖಂಡದ ಹಲವು ದೇಶಗಳಲ್ಲಿ ಹರಡಿದೆ.

ಒಂದೇ ಹೆಸರು, ಒಂದೇ ಕ್ರಮ, ಊರೂರಿಗೆ ಶಾಖೆ: ಇದನ್ನು ಸರಣಿ ಅಂಗಡಿ ಎನ್ನಬಹುದು. 1974ರಲ್ಲಿ ಟೋಕಿಯೋವಿನ ತೊಯೊಸು ಎಂಬಲ್ಲಿ ಜಪಾನಿನ ಮೊದಲನೆಯ ‘ಸೆವೆನ್ ಇಲೆವೆನ್’ ತೆರೆದಾಗ, ಅದು ಹೊಸದಾಗಿ ಕಟ್ಟಿದ ಅರಮನೆಯೇನೂ ಅಲ್ಲ; ಒಬ್ಬ ತರುಣನ ಮನೆತನದ ಮದ್ಯದಂಗಡಿಯೇ ರೂಪಾಂತರ ಹೊಂದಿತ್ತು. ಒಡೆತನ ಅವನದು, ಹೆಸರೂ ಕ್ರಮವೂ ಸಂಸ್ಥೆಯದು. ಅಮೆರಿಕೆಯಿಂದ ಬಂದ ಈ ಹೆಸರಿನ ಅಂಗಡಿಗಳು ಇಂದು ಜಪಾನಿನಲ್ಲಿ 21,000ಕ್ಕೂ ಹೆಚ್ಚಾಗಿವೆ. ಅಮೆರಿಕೆಯ ಮೂಲಸಂಸ್ಥೆಯೂ 2005ರಲ್ಲಿ ಸಂಪೂರ್ಣವಾಗಿ ಜಪಾನೀಯರ ವಶವಾಯಿತು. ಹಗಲಿರುಳೂ ತೆರೆದಿರುವ ಈ ಅಂಗಡಿಗಳಲ್ಲಿ ಅನ್ನದ ಉಂಡೆಯೂ ದೊರೆಯುತ್ತದೆ.

ಆದರೆ ಎಲ್ಲವೂ ಸುಖವೇ ಎಂದು ಭಾವಿಸಬಾರದು. ದೊಡ್ಡ ಅಂಗಡಿಗಳ ನೆರಳಿನಲ್ಲಿ ಚಿಕ್ಕವು ಬಾಡದಿರಲೆಂದು ಜಪಾನಿನ ಸರ್ಕಾರ 1973ರಲ್ಲಿ ಒಂದು ಕಾನೂನು ಮಾಡಿ, ಮಹಾಮಳಿಗೆಗಳ ವಿಸ್ತಾರವನ್ನೂ ತೆರೆದಿರುವ ಹೊತ್ತನ್ನೂ ಹತೋಟಿಯಲ್ಲಿಟ್ಟಿತ್ತು. 2000ದಲ್ಲಿ ಆ ಕಾನೂನು ರದ್ದಾಯಿತು. ಊರ ಹೊರಗಿನ ಹೆದ್ದಾರಿಯ ಪಕ್ಕದಲ್ಲಿ ದೊಡ್ಡ ಮಳಿಗೆಗಳು ಬೆಳೆದವು. ತರುಣರು ನಗರಕ್ಕೆ ಹೋದರು. ಹಳೆಯ ಪೇಟೆಬೀದಿಗಳಲ್ಲಿ ಒಂದೊಂದಾಗಿ ಬಾಗಿಲು ಮುಚ್ಚಿತು. ಅಂಥ ಬೀದಿಗೆ ಅಲ್ಲಿ ‘ಷಟರ್ ಬೀದಿ’ ಎಂದೇ ಹೆಸರು. ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು 29 ಮಂದಿ 65 ವರ್ಷ ಕಳೆದವರಾಗಿರುವ ಆ ದೇಶದಲ್ಲಿ, ವಾಹನ ನಡಸಲಾರದೆ, ನಡೆದು ಹೋಗಲು ಹತ್ತಿರದಲ್ಲಿ ಅಂಗಡಿಯೂ ಇಲ್ಲದೆ ಕಷ್ಟಪಡುವವರನ್ನು ‘ಖರೀದಿಯ ನಿರಾಶ್ರಿತರು’ ಎಂದು ಕರೆಯುವಂತಾಯಿತು. ಎಲ್ಲ ಪದಾರ್ಥಗಳೂ ತುಂಬಿತುಳುಕುವ ದೇಶದಲ್ಲಿ ಇಂಥದೊಂದು ಮಾತು ಹುಟ್ಟಬೇಕಾದರೆ ಅದರ ಹಿಂದಿನ ವ್ಯಥೆಯೆಷ್ಟಿರಬೇಕು!

ಇದು ದೂರದ ಮಾತಲ್ಲ. ತುರುವೇಕೆರೆಯ ಕಡೆಯ ಒಂದು ಹಳ್ಳಿಯಲ್ಲಿ ನನ್ನ ದಿವಂಗತ ಸಹೋದ್ಯೋಗಿಯೊಬ್ಬರ ಪತ್ನಿ ತೋಟದ ಮನೆಯಲ್ಲಿ ಒಬ್ಬರೇ ಇದ್ದಾರೆ. ಊರಿನ ಒಂದೇ ಅಂಗಡಿಯವನು ಮುದುಕನಾಗಿ, ಮಗ ಬೆಂಗಳೂರು ಸೇರಿದ್ದರಿಂದ, ಅಂಗಡಿ ಮುಚ್ಚಿತು. ಆಕೆಯ ಮಗ ಒಳ್ಳೆಯವನು. ತಿಂಗಳಿಗೊಮ್ಮೆ ಬೇಳೆ, ಎಣ್ಣೆ, ಸೋಪುಗಳನ್ನು ಪೆಟ್ಟಿಗೆಯಲ್ಲಿ ತುಂಬಿ ತಂದಿಟ್ಟು ಹೋಗುತ್ತಾನೆ. ಯೋಗಕ್ಷೇಮ ವಿಚಾರಿಸಿದಾಗ ಆಕೆ ಹೇಳಿದರು: “ಎಲ್ಲಾ ಬರುತ್ತೆ ಮೇಷ್ಟ್ರೇ, ಯಾವುದಕ್ಕೂ ಕಮ್ಮಿಯಿಲ್ಲ. ಆದ್ರೆ ಕೊಳ್ಳೋಳು ನಾನಲ್ಲ, ನೋಡಿ. ಅಂಗಡಿಗೆ ಹೋಗಿ ಒಂದು ಬೆಲ್ಲದ ಅಚ್ಚು ಮೂಸಿ ನೋಡಿ ಎಷ್ಟು ದಿನವಾಯ್ತೋ!” ಐವತ್ತು ವರ್ಷ ಮನೆಯ ಯಜಮಾನಿಕೆ ಮಾಡಿದ ಕೈಗೆ ಆಯ್ದುಕೊಳ್ಳುವ ಅಧಿಕಾರ ತಪ್ಪಿತು. ಹೊಟ್ಟೆ ತುಂಬಿದರೂ ಮನಸ್ಸು ಬರಿದಾಯಿತು.

ಜಪಾನಿನಲ್ಲಿ ಈ ವ್ಯಥೆಗೆ ಒಂದು ಪರಿಹಾರ ಹುಟ್ಟಿದೆ. 2012ರಲ್ಲಿ ತೊಕುಶಿಮ ಎಂಬ ಪ್ರಾಂತದಲ್ಲಿ ‘ತೊಕುಶಿಮರು’ ಎಂಬ ಗಾಡಿಗಳು ಹೊರಟವು. ಒಂದು ಪುಟ್ಟ ಟ್ರಕ್ಕಿನಲ್ಲಿ ಸುಮಾರು 400 ಬಗೆಯ ಪದಾರ್ಥ. ವಾರಕ್ಕೆರಡು ಸಲ ವೃದ್ಧರ ಮನೆಯ ಬಾಗಿಲಿಗೆ. ಸರಕು ಊರಿನ ದೊಡ್ಡ ಅಂಗಡಿಯದು; ಗಾಡಿ ನಡಸಿ ಮಾರುವವನು ತನ್ನ ವ್ಯಾಪಾರಕ್ಕೆ ತಾನೇ ಒಡೆಯ. ಬಾಗಿಲಿಗೆ ಬಂದ ಶ್ರಮಕ್ಕಾಗಿ ಪ್ರತಿ ಪದಾರ್ಥದ ಮೇಲೆ ಅಲ್ಪ ಹೆಚ್ಚಳ. ಇವರ ಎರಡು ನಿಯಮಗಳು ನನಗೆ ಬಹಳ ಮೆಚ್ಚಿಕೆಯಾದವು. ಒಂದು: ಚಿಕ್ಕ ಅಂಗಡಿಯಿರುವ ಕಡೆ ಅದರ ಸುತ್ತ 300 ಮೀಟರಿನೊಳಗೆ ಗಾಡಿ ನಿಲ್ಲಿಸಕೂಡದು. ಎರಡು: ಅಜ್ಜಿ ಅಗತ್ಯಕ್ಕಿಂತ ಹೆಚ್ಚು ಕೊಳ್ಳಹೊರಟರೆ, ಮೊನ್ನೆ ಕೊಂಡದ್ದು ಇನ್ನೂ ಇದೆಯಲ್ಲವೆ ಎಂದು ತಡೆಯಬೇಕು. ಓಕಾದ ವಂಶದ ಹಿರಿಯನು ಹೇಳಿದ ಚಕ್ರ ಹೀಗೆ ಅಕ್ಷರಶಃ ಕಂಬಕ್ಕೆ ಬಂದಿತು. ಮಿತ್ಸುಯಿ ಬಿಡಿಸಿದ ಮನೆಬಾಗಿಲಿನ ವ್ಯಾಪಾರ, ಸುಳ್ಳು ಬೆಲೆಯನ್ನು ಮಾತ್ರ ಬಿಟ್ಟು, ಮತ್ತೆ ಬಾಗಿಲಿಗೆ ಬಂದಿತು.

ನಮ್ಮಲ್ಲಿಯೂ ಈಗ ಪಟ್ಟಣಗಳಲ್ಲಿ ದೊಡ್ಡ ಮಳಿಗೆಗಳು ತೆರೆದಿವೆ. ಮೊಬೈಲಿನಲ್ಲಿ ಬೆರಳಿಟ್ಟರೆ ಪದಾರ್ಥ ಬರುತ್ತದೆ. ಅವುಗಳನ್ನು ನಿಂದಿಸಿ ಪ್ರಯೋಜನವಿಲ್ಲ. ಅವುಗಳಿಂದ ಕಲಿಯತಕ್ಕದ್ದೂ ಉಂಟು. ನಮ್ಮ ಹಳ್ಳಿಯ ಅಂಗಡಿಯವರು ಬೆಲೆಯನ್ನು ಚೀಟಿಯಲ್ಲಿ ಬರೆದಿಟ್ಟು, ಕೂಸು ಬಂದರೂ ಗೌಡರು ಬಂದರೂ ಅದನ್ನೇ ಹೇಳಲಿ. ಕಾಲ ಮೀರಿದ ಸರಕನ್ನು ತಾವೇ ತೆಗೆದುಹಾಕಲಿ. ತರಕಾರಿ ತುಂಬಿಕೊಂಡು ಕೂಗುತ್ತ ಬರುವ ಆಟೋದವರು ಹೆದ್ದಾರಿಯ ಊರುಗಳಲ್ಲಿಯೇ ಸುತ್ತದೆ, ವಾರಕ್ಕೊಂದು ಗೊತ್ತಾದ ದಿನ ತೋಟದ ಮನೆಗಳ ದಾರಿಯನ್ನೂ ಹಿಡಿಯಲಿ; ಕೊಳ್ಳುವವರು ಒಂದೆರಡು ರೂಪಾಯಿ ಹೆಚ್ಚು ಕೊಡಲು ಹಿಂದೆಗೆಯಲಾರರು. ಪಟ್ಟಣದಲ್ಲಿರುವ ಮಕ್ಕಳೂ ಮೊಮ್ಮಕ್ಕಳೂ ಹಬ್ಬಕ್ಕೆ ಊರಿಗೆ ಬರುವಾಗ ಎಲ್ಲವನ್ನೂ ಕಟ್ಟಿಕೊಂಡು ಬರದೆ, ಒಂದಿಷ್ಟನ್ನು ಊರಿನ ಅಂಗಡಿಯಲ್ಲಿಯೇ ಕೊಳ್ಳಲಿ. ಅಮ್ಮನನ್ನು ಕೈಹಿಡಿದು ಸಂತೆಗೆ ಕರೆದೊಯ್ಯಲಿ.

ಅಂಗಡಿ ಒಮ್ಮೆ ಮುಚ್ಚಿದರೆ ಮತ್ತೆ ತೆರೆಸುವುದು ಕಷ್ಟ. ಇಷ್ಟು ಐಶ್ವರ್ಯವುಳ್ಳ ಜಪಾನಿಗೂ ಅದು ಕಷ್ಟವಾಗಿದೆ. ನಮ್ಮ ಸೀಮೆಯಲ್ಲಿ ಸಂತೆ ಇನ್ನೂ ಕೂಡುತ್ತಿದೆ, ಹಲವು ಹಳ್ಳಿಗಳಲ್ಲಿ ಅಂಗಡಿಯ ಬಾಗಿಲು ಇನ್ನೂ ತೆರೆದಿದೆ. ತೆರೆದಿರುವಾಗಲೇ ಅದರ ಮೆಟ್ಟಿಲನ್ನು ಹತ್ತುವುದು ವಿವೇಕವು.