ಹದಿನೇಳು ಇಂಚಿನ ಆಸೆ ಮತ್ತು ಐದು ನಟ್ಟುಗಳು

ನಮ್ಮ ಬ್ಯಾಚಿನವರಿಗೆ ಗೊತ್ತಿರುವ ಹಾಗೆ, ನಾವು ಮೂವರು ಸೇರಿ ಒಂದು ಹಳೇ ಕಾರು ತಗೊಂಡಿದ್ದೇವೆ. ಒಬ್ಬ ಟಿವಿಯವನು, ಒಬ್ಬ ಯಾವ ಆಫೀಸಿಗೂ ಸೇರದೆ ಅಲ್ಲಿಷ್ಟು ಇಲ್ಲಿಷ್ಟು ಬರೆದುಕೊಂಡಿರುವವನು, ಒಬ್ಬಳು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ಕಾಗುಣಿತ ತಿದ್ದುವವಳು. ಮೂವರಲ್ಲಿ ಯಾರೊಬ್ಬರಿಗೂ ಇಡೀ ಕಾರು ಕೊಳ್ಳುವ ತಾಕತ್ತಿರಲಿಲ್ಲ. ಮೂರನೇ ಒಂದು ಭಾಗ ಕೊಳ್ಳಬಹುದಿತ್ತು.

ಕಾರು 2008ರ ಹೋಂಡಾ ಸಿವಿಕ್. ಈ ಮಾದರಿ ನಮ್ಮ ದೇಶಕ್ಕೆ 2006ರಲ್ಲಿ ಬಂತು, 2013ರ ಹೊತ್ತಿಗೆ ನಿಂತಿತು. 1.8 ಲೀಟರಿನ ಪೆಟ್ರೋಲ್ ಎಂಜಿನ್, 132 ಅಶ್ವಶಕ್ತಿ. ನಾವು ಕಾಲೇಜಿನಲ್ಲಿದ್ದಾಗ ಅದು ರಸ್ತೆಯಲ್ಲಿ ಹೋದರೆ ಮಾತು ನಿಲ್ಲಿಸಿ ನೋಡುತ್ತಿದ್ದೆವು. ಓಡಿಸುವವನಿಗೆ ಖುಷಿ ಕೊಡುವ ಸೆಡಾನ್. ಆದರೆ ನೆಲಕ್ಕೆ ತಗ್ಗು. ನಾಲ್ಕು ಜನ ಕೂತರೆ ಊರಿನ ಹಂಪುಗಳಿಗೆ ಹೊಟ್ಟೆ ತಾಗಿಸಿಕೊಂಡೇ ದಾಟುತ್ತದೆ. ಇದು ಕೊಳ್ಳುವ ಮೊದಲೇ ನಮಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ ಕೆಲಸದ ಕತೆ ಇದು.

ಕಾರಿನ ಜೊತೆ ಬಂದ ಟಯರುಗಳು ಸವೆದಿದ್ದವು. ಬದಲಿಸಲೇಬೇಕಿತ್ತು. ಟಿವಿಯವನು ಹೇಳಿದ: ಹೇಗೂ ಟಯರಿಗೆ ದುಡ್ಡು ಹಾಕ್ತೀವಿ, ಇನ್ನೊಂದಿಷ್ಟು ಸೇರಿಸಿದ್ರೆ ಅಲಾಯ್ ವೀಲ್ ಸಮೇತ ಬರುತ್ತೆ. ಆ 'ಇನ್ನೊಂದಿಷ್ಟು' ಅಂದರೆ ನಮ್ಮ ರೂಮಿನ ನಾಲ್ಕು ತಿಂಗಳ ಬಾಡಿಗೆ ಅಂತ ಆಮೇಲೆ ತಿಳಿಯಿತು. ಶನಿವಾರ ಮಧ್ಯಾಹ್ನ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆವು. ಅಲ್ಲಿ ಗೋಡೆ ತುಂಬ ಚಕ್ರಗಳನ್ನು ತೂಗುಹಾಕಿರುತ್ತಾರೆ, ಜಾತ್ರೆಯಲ್ಲಿ ಬಳೆ ತೂಗುಹಾಕಿದ ಹಾಗೆ. ಹದಿನೈದು ಇಂಚಿನದು ಅಲ್ಲಿ ಬಡಪಾಯಿಯಂತೆ ಕಂಡಿತು. ಹದಿನೇಳರದ್ದು ಕಾರಿನ ಪಕ್ಕ ಹಿಡಿದು ನಿಲ್ಲಿಸಿದರು. ಮೂವರೂ ಸುಮ್ಮನಾದೆವು. ವ್ಯಾಪಾರ ಮುಗಿದದ್ದು ಆ ಮೌನದಲ್ಲೇ.

ಟಯರಿನ ಮೇಲಿನ ಅಂಕಿ ಓದಲು ಬಾರದವರಿಗಾಗಿ ಸ್ವಲ್ಪ ಹೇಳಬೇಕು, ನಮಗೂ ಆಗ ಸರಿಯಾಗಿ ಬರುತ್ತಿರಲಿಲ್ಲ. ಸಿವಿಕ್‌ಗೆ ಕಂಪನಿ ಕೊಟ್ಟದ್ದು 195/65 ಆರ್ 15. ಮೊದಲನೆಯದು ಟಯರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕದ ಗೋಡೆಯ ಎತ್ತರ, ಆದರೆ ಮಿಲಿಮೀಟರ್ ಅಲ್ಲ, ಅಗಲದ ಶೇಕಡಾ ಎಷ್ಟು ಅಂತ. ಕೊನೆಯದು ರಿಮ್ಮಿನ ವ್ಯಾಸ, ಅದು ಮಾತ್ರ ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮೂರು ಅಳತೆ ಪದ್ಧತಿ. ಡೆಸ್ಕಿನವಳ ಕೈಗೆ ಸಿಕ್ಕಿದ್ದರೆ ಹೊಡೆದು ಹಾಕುತ್ತಿದ್ದಳು. 195ರ ಶೇಕಡಾ 65 ಅಂದರೆ ಸುಮಾರು 127 ಮಿ.ಮೀ. ಕಲ್ಲಿಗೂ ರಿಮ್ಮಿಗೂ ನಡುವೆ ಇರುವುದು ಇಷ್ಟು ರಬ್ಬರು ಮತ್ತು ಅದರೊಳಗಿನ ಗಾಳಿ.

ನಾವು ಹಾಕಿಸಿದ್ದು 215/45 ಆರ್ 17. ಇಲ್ಲಿ ಗೋಡೆಯ ಎತ್ತರ 97 ಮಿ.ಮೀ. ಒಮ್ಮೆಗೇ 30 ಮಿ.ಮೀ. ಹೋಯಿತು. ರಿಮ್ಮು ದೊಡ್ಡದಾದಷ್ಟೂ ರಬ್ಬರು ಕಡಿಮೆಯಾಗಲೇಬೇಕು, ಇಲ್ಲದಿದ್ದರೆ ಚಕ್ರ ಕಮಾನಿನೊಳಗೆ ಹಿಡಿಯುವುದಿಲ್ಲ. ಹೊರಗಿನ ಒಟ್ಟು ವ್ಯಾಸ ಮೂಲದ್ದಕ್ಕೆ ಹತ್ತಿರ ಇರಬೇಕು, ಶೇಕಡಾ ಮೂರರ ಆಚೀಚೆ ಮೀರಬಾರದು ಎನ್ನುವುದು ಈ ಬಾಬಿನ ಹೆಬ್ಬೆರಳ ಲೆಕ್ಕ. ಮೂಲದ ವ್ಯಾಸ 634.5 ಮಿ.ಮೀ. ಇದ್ದರೆ ನಮ್ಮದು 625ಕ್ಕೆ ಇಳಿಯಿತು. ಶೇಕಡಾ ಒಂದೂವರೆ ಕಡಿಮೆ, ಲೆಕ್ಕದಲ್ಲಿ ಪಾಸು. ಆದರೆ ವ್ಯಾಸ ಕಮ್ಮಿಯಾದರೆ ಅದರ ಅರ್ಧದಷ್ಟು ಕಾರು ಕೆಳಗಿಳಿಯುತ್ತದೆ. ಮೊದಲೇ ಹೊಟ್ಟೆ ತಾಗಿಸುವ ಕಾರನ್ನು ದುಡ್ಡು ಕೊಟ್ಟು ಇನ್ನೂ ನಾಲ್ಕೂವರೆ ಮಿ.ಮೀ. ಇಳಿಸಿದ್ದೆವು. 17 ಇಂಚಿನಲ್ಲಿ ಮೂಲದ ವ್ಯಾಸಕ್ಕೆ ಸರಿಹೊಂದುವುದು 225/45. ಅಂಗಡಿಯಲ್ಲಿ ಅವತ್ತು 215 ಇತ್ತು, ನಾವು ಅವತ್ತೇ ಹಾಕಿಸಬೇಕಿತ್ತು.

ಅಳತೆಯ ಪಕ್ಕ ಇನ್ನೊಂದು ಅಂಕಿ ಇರುತ್ತದೆ, ಅದನ್ನಂತೂ ಯಾರೂ ನೋಡುವುದಿಲ್ಲ. ಹಳೆಯದರ ಮೇಲೆ 91 ಅಂತ ಇತ್ತು, ಒಂದು ಟಯರು 615 ಕಿಲೋ ಹೊರಬಲ್ಲದು ಅಂತ ಅರ್ಥ. ಹೊಸದರ ಮೇಲೆ 87, ಅಂದರೆ 545 ಕಿಲೋ. ನಾಲ್ಕೂ ಸೇರಿ 280 ಕಿಲೋ ತಾಳಿಕೆ ಹೋಯಿತು. ಅದೇ ಅಳತೆಯಲ್ಲಿ 91ರ ಗಟ್ಟಿ ಟಯರೂ ಸಿಗುತ್ತದೆ. ಕೇಳಬೇಕಷ್ಟೆ. ನಾವು ಕೇಳಿದ್ದು ಕಪ್ಪು ಬಣ್ಣದ್ದು ಚೆನ್ನಾಗಿರುತ್ತದೋ ಬೂದು ಬಣ್ಣದ್ದೋ ಅಂತ.

ಮೊದಲ ವಾರ ನೈಸ್ ರಸ್ತೆಯಲ್ಲಿ ಹೋಗಿ ಬಂದೆವು. ಸುಳ್ಳು ಹೇಳಬಾರದು, ಸ್ಟಿಯರಿಂಗ್ ತಿರುಗಿಸಿದರೆ ಕಾರು ಕಾಯದೆ ತಿರುಗುತ್ತಿತ್ತು. ಗೋಡೆ ಗಿಡ್ಡವಾದರೆ ಟಯರು ಬಾಗುವುದು ಕಡಿಮೆ, ಅದಕ್ಕೆ ಆ ಚುರುಕು. 90 ದಾಟಿದರೆ ಮಾತ್ರ ಸ್ಟಿಯರಿಂಗ್ ನಡುಗುತ್ತಿತ್ತು. ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲಿಲ್ಲ. ಹೊರಗಿನ ಚಕ್ರಗಳನ್ನು ಹಲವು ಕಾರುಗಳಿಗೆ ಹೊಂದಲಿ ಅಂತ ನಡುವಿನ ತೂತು ದೊಡ್ಡದಾಗಿ ಮಾಡಿರುತ್ತಾರೆ. ನಮ್ಮದು 73.1 ಮಿ.ಮೀ. ಇತ್ತು, ಹೋಂಡಾದ ಹಬ್ಬು 64.1. ನಡುವಿನ ಸಂದಿಗೆ ಒಂದು ಬಳೆ ಬೇಕು. ಸಣ್ಣ ಪ್ಲಾಸ್ಟಿಕ್ ಬಳೆ. ನಾಲ್ಕು ಬಳೆ ತಂದು ಹಾಕಿಸಿದ ಮೇಲೆ ನಡುಕ ನಿಂತಿತು. ಹಿಂದೆ ಇಬ್ಬರು ಕೂತಾಗ ಕಮಾನಿಗೆ ಉಜ್ಜುವ ಸದ್ದು ಮಾತ್ರ ಉಳಿಯಿತು. ಮೂಲ ಚಕ್ರದ ಆಫ್‌ಸೆಟ್ 45, ಇದರದ್ದು 38. ಚಕ್ರದ ನಡುಗೆರೆ 7 ಮಿ.ಮೀ. ಹೊರಗೆ ಸರಿದಿತ್ತು, ಅದರ ಮೇಲೆ ಟಯರಿನ ಅಗಲ ಬೇರೆ. ಹಿಂದೆ ಜನ ಕೂರಿಸದಿದ್ದರೆ ಆಯ್ತಲ್ಲ ಅಂದ ಟಿವಿಯವನು.

ಸೆಪ್ಟೆಂಬರಿನಲ್ಲಿ ಹಿಂದೆ ಜನ ಕೂರಿಸಬೇಕಾಗಿ ಬಂತು.

ಡೆಸ್ಕಿನವಳ ಅಮ್ಮನಿಗೆ ಸೊಂಟದ ನೋವು. ತೀರ್ಥಹಳ್ಳಿ ಹತ್ತಿರದ ಊರು. ಮಣಿಪಾಲದಲ್ಲಿ ಡಾಕ್ಟರು ಹನ್ನೊಂದೂವರೆಗೆ ಬರಹೇಳಿದ್ದರು. ಆ ದಿನ ತಪ್ಪಿದರೆ ಮತ್ತೆ ತಿಂಗಳು ಕಾಯಬೇಕು. ಬಸ್ಸಿನ ಕುಲುಕಾಟ ಬೇಡ, ನಮ್ಮ ಕಾರೇ ಇದೆಯಲ್ಲ ಅಂತ ಮೂವರೂ ಹಿಂದಿನ ರಾತ್ರಿಯೇ ಹೋದೆವು. ಬೆಳಿಗ್ಗೆ ಅಮ್ಮ ಅಂಗಳಕ್ಕೆ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದರು. "ಎಂತ ಮಕ್ಳಾ, ಗಾಲಿಗೆ ಟಯರೇ ಇಲ್ಲವಲ್ಲ? ಬರೀ ಅಂಚು ಕಟ್ಟಿದ ಹಾಗಿದೆ" ಅಂದರು. ನಕ್ಕೆವು.

ತೀರ್ಥಹಳ್ಳಿ ದಾಟಿ ಆಗುಂಬೆ ದಾರಿ ಹಿಡಿದ ಮೇಲೆ ನಗು ನಿಂತಿತು. ಮಳೆಗಾಲ ಮುಗಿಯುವ ಹೊತ್ತಿನ ಮಲೆನಾಡಿನ ರಸ್ತೆ ಹೇಗಿರುತ್ತದೆ ಅಂತ ಬೇರೆ ಯಾರಿಗಾದರೂ ಹೇಳಬೇಕಾದೀತು, ನಮಗೆ ಯಾರೂ ಹೇಳಬೇಕಿರಲಿಲ್ಲ. ಇಂಥ ರಸ್ತೆಗಳ ಬಗ್ಗೆ ಬರೆದೇ ನಾವು ವರದಿ ಬರೆಯಲು ಕಲಿತದ್ದು. ಗುಂಡಿಯಲ್ಲಿ ಬಾಳೆಗಿಡ ನೆಟ್ಟು ಊರವರು ಪ್ರತಿಭಟನೆ ಮಾಡಿದ ಫೋಟೋ ಮೂವರ ಪೋರ್ಟ್‌ಫೋಲಿಯೋದಲ್ಲೂ ಇದೆ. ಆದರೂ ಟಯರು ಆರಿಸುವಾಗ ಮೂವರ ತಲೆಯಲ್ಲೂ ಇದ್ದದ್ದು ನೈಸ್ ರಸ್ತೆ. ಕಾರು ನಡೆಯುವುದು ಬೆಂಗಳೂರಿನಲ್ಲಿ, ಊರಿಗೆ ಹೋಗುವುದು ವರ್ಷಕ್ಕೆ ನಾಲ್ಕೈದು ಸಲ ಅಂತ ನಮ್ಮನ್ನು ನಾವೇ ಒಪ್ಪಿಸಿಕೊಂಡಿದ್ದೆವು.

ಪ್ರತಿ ಗುಂಡಿಗೂ ಹಿಂದಿನ ಸೀಟಿನಿಂದ ಒಂದು ಸಣ್ಣ ಉಸಿರು ಕೇಳುತ್ತಿತ್ತು. ಅಮ್ಮ ಒಂದು ಮಾತೂ ಆಡಲಿಲ್ಲ. ಮಗಳು ತನ್ನ ಶಾಲು ಮಡಚಿ ಅವರ ಬೆನ್ನಿಗೆ ಕೊಟ್ಟಳು. ಟಿವಿಯವನು ವೇಗ ಇಳಿಸುತ್ತ ಇಳಿಸುತ್ತ 25ಕ್ಕೆ ಬಂದಿದ್ದ. ಮೇಗರವಳ್ಳಿ ದಾಟಿದ ಮೇಲೆ ಎದುರಿನಿಂದ ಲಾರಿ ಬಂತು ಅಂತ ಎಡಕ್ಕೆ ಸರಿದದ್ದೇ ತಡ, ನೀರು ತುಂಬಿದ ಗುಂಡಿಗೆ ಮುಂದಿನ ಎಡ ಚಕ್ರ ಇಳಿಯಿತು. ಠಣ್ ಅಂತ ಲೋಹದ ಸದ್ದು. ಅಮ್ಮ "ಅಯ್ಯೋ ದೇವ್ರೇ" ಅಂದರು. ಅವತ್ತು ಅವರ ಬಾಯಿಂದ ನೋವಿನ ಮಾತು ಬಂದದ್ದು ಅದೊಂದೇ.

ರಿಮ್ಮಿನ ಅಂಚು ಒಳಕ್ಕೆ ಬಗ್ಗಿ ಗಾಳಿ ಪೂರ್ತಿ ಹೋಗಿತ್ತು. ಡಿಕ್ಕಿಯಿಂದ ಕಂಪನಿಯ ಹಳೇ ಕಬ್ಬಿಣದ ಸ್ಟೆಪ್ನಿ ತೆಗೆದು, ಜಾಕ್ ಕೊಟ್ಟು ಹಾಕಿದೆವು. ತೆವಳಿಕೊಂಡು ಮುಂದಿನ ಪಂಕ್ಚರ್ ಅಂಗಡಿ ತಲುಪಿದಾಗ ಒಂಬತ್ತು ಗಂಟೆ. ಊರವರು ಕಾಕಾ ಅಂತ ಕರೆಯುವ ಹಿರಿಯರ ಅಂಗಡಿ. ಅವರು ಬಗ್ಗಿದ ರಿಮ್ಮನ್ನು ನೋಡಿ, ಇದು ಅಲ್ಯೂಮಿನಿಯಂ, ಸುತ್ತಿಗೆಯಲ್ಲಿ ಹೊಡೆದರೆ ಸೀಳುತ್ತದೆ, ನಾನು ಮುಟ್ಟುವುದಿಲ್ಲ ಅಂದರು. ಆಮೇಲೆ ನಾವು ಹಾಕಿದ ಸ್ಟೆಪ್ನಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಒಂದು ನಟ್ಟು ಬಿಚ್ಚಿದರು. "ಸಾರ್, ಈ ನಟ್ಟು ಈ ಡಿಸ್ಕಿನದ್ದಲ್ಲ. ಇದರ ನಟ್ಟು ಎಲ್ಲಿ?"

ಹೋಂಡಾದ ಮೂಲ ನಟ್ಟಿನ ತಳ ಗುಂಡಗೆ, ಚೆಂಡಿನ ಹಾಗೆ ಇರುತ್ತದೆ. ಚಕ್ರದ ತೂತಿನ ಅಂಚೂ ಅದಕ್ಕೆ ಹೊಂದುವ ಹಾಗೆ ಬಟ್ಟಲಾಗಿರುತ್ತದೆ. ಹೊರಗಿನ ಅಲಾಯ್‌ಗಳಿಗೆ ಬರುವ ನಟ್ಟಿನ ತಳ ಮೊಳೆಯಂತೆ ಓರೆ. ಓರೆ ನಟ್ಟನ್ನು ಬಟ್ಟಲಿಗೆ ಕೂರಿಸಿದರೆ ಬಿಗಿ ಆದಂತೆ ಅನಿಸುತ್ತದೆ, ನಿಜವಾಗಿ ಒಂದು ಗೆರೆಯಷ್ಟೇ ತಾಗಿರುತ್ತದೆ, ಓಡುತ್ತ ಓಡುತ್ತ ಸಡಿಲವಾಗುತ್ತದೆ. ಕಾಕಾ ನಟ್ಟಿಗೆ ಗ್ರೀಸು ಹಚ್ಚಿ ಬಿಗಿದು ಬಿಚ್ಚಿ ತೋರಿಸಿದರು. ಕೂದಲೆಳೆಯಷ್ಟು ಗುರುತು. ಆ ಚಕ್ರದ ಮೇಲೆ ಅಮ್ಮನನ್ನು ಕೂರಿಸಿಕೊಂಡು ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವು ಇಳಿಯಲು ಹೊರಟಿದ್ದೆವು.

ಮೂಲದ 20 ನಟ್ಟುಗಳು ಬೆಂಗಳೂರಿನ ರೂಮಿನಲ್ಲಿ ಬಿಸ್ಕತ್ ಡಬ್ಬಿಯಲ್ಲಿದ್ದವು. ಕಾಕಾ ತಮ್ಮ ಹಳೇ ನಟ್ಟಿನ ಡಬ್ಬ ಸುರಿದರು. ಇದ್ದವೆಲ್ಲ ಮಾರುತಿಯವು, ಅದರ ಮರೆಯೇ ಬೇರೆ: ಅದು 1.25, ಹೋಂಡಾದ್ದು 1.5. ಎರಡು ಸುತ್ತಿಗೆ ಹಿಡಿದುಕೊಂಡಿತು. ಅಷ್ಟರಲ್ಲಿ ಉಡುಪಿ ಕಡೆ ಹೋಗುವ ಮಿನಿ ಬಸ್ಸು ಬಂತು. ಅಮ್ಮ ಚೀಲ ತಗೊಂಡು ನಿಂತೇ ಇದ್ದರು. "ನೀವು ಗಾಡಿ ನೋಡ್ಕಳಿ ಮಕ್ಳಾ, ನಾವು ಹೋಗ್ತೇವೆ" ಅಂತ ಮಗಳ ಕೈ ಹಿಡಿದು ಹತ್ತಿದರು. ಕಂಡಕ್ಟರು ಎದ್ದು ಮುಂದಿನ ಸೀಟು ಬಿಡಿಸಿ ಕೊಟ್ಟ.

ಉಳಿದ ಇಬ್ಬರು ಬೆಂಚಿನ ಮೇಲೆ ಕೂತೆವು. ಶಿವಮೊಗ್ಗದಲ್ಲಿರುವ ನಮ್ಮ ಬ್ಯಾಚಿನವನಿಗೆ ಫೋನ್ ಮಾಡಿದೆವು. ಅವನು ಜಿಲ್ಲಾ ಪಂಚಾಯಿತಿ ಸಭೆ ಬಿಟ್ಟು ಗ್ಯಾರೇಜುಗಳನ್ನು ಸುತ್ತಿ ಐದು ಹಳೇ ನಟ್ಟು ಹುಡುಕಿ, ಕಾಗದದಲ್ಲಿ ಸುತ್ತಿ, ಆಗುಂಬೆ ಬಸ್ಸಿನ ಡ್ರೈವರ್ ಕೈಗೆ ಕೊಟ್ಟ. (ಆ ಸಭೆಯ ವರದಿ ಮರುದಿನ ಅವನ ಪತ್ರಿಕೆಯಲ್ಲಿ ಏಕೆ ಬರಲಿಲ್ಲ ಅನ್ನುವುದಕ್ಕೆ ಉತ್ತರ ಇದು.) ಪೊಟ್ಟಣ ಬಂದದ್ದು ಮಧ್ಯಾಹ್ನ ಎರಡರ ಮೇಲೆ. ಕಾಕಾ ಐದನ್ನೂ ಬಿಗಿದರು, ಆದರೆ ಸ್ಟೆಪ್ನಿಯನ್ನು ಮುಂದೆ ಬಿಡಲಿಲ್ಲ. ಹಿಂದಿನ ಅಲಾಯ್ ಮುಂದಕ್ಕೆ ಹಾಕಿ ಸ್ಟೆಪ್ನಿಯನ್ನು ಹಿಂದೆ ಹಾಕಿದರು. ಎಂಜಿನ್ನು ಎಳೆಯುವುದು ಮುಂದಿನ ಎರಡನ್ನು, ಆ ಎರಡು ಒಂದೇ ಅಳತೆ ಇರಬೇಕು, ಇಲ್ಲದಿದ್ದರೆ ಒಳಗಿನ ಗೇರು ದಾರಿಯುದ್ದಕ್ಕೂ ತಿಕ್ಕಾಡುತ್ತದೆ ಅಂದರು. ಇಷ್ಟಕ್ಕೆ ಅವರು ತಗೊಂಡದ್ದು ನೂರೈವತ್ತು ರೂಪಾಯಿ.

ನಾಲ್ಕೂವರೆಗೆ ಅಮ್ಮ ವಾಪಸು ಬಸ್ಸಿನಲ್ಲಿ ಬಂದು ಅದೇ ಅಂಗಡಿ ಮುಂದೆ ಇಳಿದರು. ಡಾಕ್ಟರು ಸಿಕ್ಕಿದ್ದರು. ಆಪರೇಷನ್ ಸದ್ಯಕ್ಕೆ ಬೇಡ, ಔಷಧ ಮತ್ತು ವ್ಯಾಯಾಮ, ಕುಲುಕಾಟದ ಪ್ರಯಾಣ ಮಾಡಬಾರದು ಅಂದಿದ್ದರಂತೆ. "ಬಸ್ಸಲ್ಲಿ ಎಂತ ತೊಂದ್ರೆ ಆಗ್ಲಿಲ್ಲ" ಅಂದರು ಅಮ್ಮ, ನಮಗೆ ಬೇಜಾರಾಗಬಾರದು ಅನ್ನುವ ದನಿಯಲ್ಲಿ. ಅದೇ ಹೆಚ್ಚು ಬೇಜಾರಾಯಿತು.

ಬೆಂಗಳೂರಿಗೆ ಬಂದ ಮೇಲೆ ಜಗಳವಾಯಿತು. ಬೇರೆ ರಿಮ್ಮು ತಂದು 225/45 ಹಾಕೋಣ, ವ್ಯಾಸ ಸರಿಯಾಗುತ್ತದೆ ಅಂದ ಟಿವಿಯವನು. ಗೋಡೆ ಆಗಲೂ 101 ಮಿ.ಮೀ. ಅಷ್ಟೆ ಅಂದಳು ಡೆಸ್ಕಿನವಳು. ಅವಳು ಅಷ್ಟರಲ್ಲಿ ಕಾಪಿ ತಿದ್ದುವ ಹಾಳೆಯ ಹಿಂದೆ ಎಲ್ಲ ಅಳತೆ ಲೆಕ್ಕ ಹಾಕಿದ್ದಳು. ಮೂರನೆಯವನು 205/55 ಆರ್ 16 ಅಂದ. ವ್ಯಾಸ ಮೂಲದ್ದಕ್ಕಿಂತ ಬರೀ ಎರಡೂವರೆ ಮಿ.ಮೀ. ಕಡಿಮೆ, ಗೋಡೆ 113, ತೂಕದ ಅಂಕಿ 91. ನಗರದಲ್ಲೇ ಇರುವ ಕಾರಿಗೆ ಅದು ನ್ಯಾಯವಾದ ಅಳತೆ ಅಂತ ಈಗಲೂ ನಮ್ಮ ಅಭಿಪ್ರಾಯ. ಕೊನೆಗೆ ನಾವು ಒಪ್ಪಿದ್ದು ಹಳೇ 15 ಇಂಚಿನ ಚಕ್ರಕ್ಕೆ 205/65. ಈ ಕಾರಿನ ಮಾಲೀಕರು ಅನೇಕರು ಮಾಡುವುದೂ ಇದನ್ನೇ. ಗೋಡೆ 133 ಮಿ.ಮೀ., ತೂಕದ ಅಂಕಿ 94, ಅಂದರೆ ಟಯರಿಗೆ 670 ಕಿಲೋ, ಕಾರು ಮೂಲಕ್ಕಿಂತ ಆರೂವರೆ ಮಿ.ಮೀ. ಮೇಲೆ. ವ್ಯಾಸ ಶೇಕಡಾ ಎರಡು ಹೆಚ್ಚಾಯಿತು, ಮೀಟರು ಮೊದಲು ತೋರಿಸುತ್ತಿದ್ದದ್ದಕ್ಕಿಂತ ಅಷ್ಟು ಕಡಿಮೆ ತೋರಿಸುತ್ತದೆ, ನೆನಪಿಟ್ಟುಕೊಂಡು ಓಡಿಸಬೇಕು. ಇದೂ ಕಂಪನಿ ಕೊಟ್ಟ ಅಳತೆಯಲ್ಲ ಅನ್ನುವುದನ್ನು ಮುಚ್ಚಿಡುವುದಿಲ್ಲ. ಪೂರ್ತಿ ನಿಶ್ಚಿಂತೆ ಬೇಕಾದವರು 195/65ರಲ್ಲೇ ಇರುವುದು ಒಳ್ಳೆಯದು, ವಿಮೆಯವರ ಹತ್ತಿರ ಮಾತಿಗೆ ನಿಲ್ಲುವ ಪ್ರಸಂಗವೂ ಬರುವುದಿಲ್ಲ.

ಟಿವಿಯವನಿಗೆ ಈಗಲೂ ಸಮಾಧಾನವಿಲ್ಲ. ಸ್ಟಿಯರಿಂಗ್ ಗಂಜಿಯ ಹಾಗಾಗಿದೆ, ತಿರುವಿನಲ್ಲಿ ಕಾರು ಒಂದು ಕ್ಷಣ ಯೋಚಿಸಿ ತಿರುಗುತ್ತದೆ ಅನ್ನುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ದೀಪಾವಳಿಗೆ ಅದೇ ರಸ್ತೆಯಲ್ಲಿ ಅಮ್ಮನನ್ನು ಅವರ ತವರಿಗೆ ಬಿಟ್ಟು ಬಂದೆವು. ಗುಂಡಿಗಳು ಹಾಗೇ ಇದ್ದವು. ಹಿಂದಿನ ಸೀಟಿನಲ್ಲಿ ಅಮ್ಮ ಅರ್ಧ ದಾರಿ ನಿದ್ದೆ ಮಾಡಿದರು. ಕಾಕಾನ ಅಂಗಡಿ ಹತ್ತಿರ ನಿಲ್ಲಿಸಿದಾಗ ಅವರು ಮಾತಾಡುವ ಮೊದಲೇ ಬಗ್ಗಿ ನಟ್ಟು ನೋಡಿದರು.

ಮೂರು ಅಲಾಯ್‌ಗಳನ್ನು ಕೊಂಡ ಬೆಲೆಯ ಕಾಲುಭಾಗಕ್ಕೆ ಮಾರಿದೆವು. ನಾಲ್ಕನೆಯದು, ಬಗ್ಗಿದ್ದು, ರೂಮಿನಲ್ಲಿ ಟೀಪಾಯಿಯ ಕಾಲಾಗಿದೆ. ಓರೆ ತಳದ 20 ನಟ್ಟು ಮತ್ತು ನಾಲ್ಕು ಬಳೆ ಬಿಸ್ಕತ್ ಡಬ್ಬಿಯಲ್ಲಿವೆ. ಬೇಕಾದವರು ಬಂದು ಒಯ್ಯಬಹುದು. ಚಕ್ರ ಯಾವುದು ಅಂತ ಮೊದಲು ಕೇಳುತ್ತೇವೆ.